ಕುರಿ ಗುಳೆ ಬರ್ತಾವ, ಹೊಲ ಬಿಡ್ರಿ

(ಸಿರುಗುಪ್ಪ ಮತ್ತು ಕುರುಗೋಡು ತಾಲೂಕಿನ ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆ ಮತ್ತು ಸಾಲದ ಬಗ್ಗೆ ಮಾತಾಡು ಅಂತ ನನಗೆ ಹೇಳಿದ್ದಾರೆ. ಮಾತಾಡ್ತೀನಿ. ಆದರೆ ಭತ್ತದಿಂದ ಸುರು ಮಾಡೋದಿಲ್ಲ, ಕುರಿಯಿಂದ ಸುರು ಮಾಡ್ತೀನಿ. ಹಿಂದೆ ಕುಂತ ಹುಡುಗರು ಈಗಲೇ ನಗ್ತಾ ಇದ್ದಾರೆ. ನಗ್ರಿ, ಆಮ್ಯಾಲೆ ಕೇಳ್ರಿ.

ಇನ್ನು ಹದಿನೈದು ದಿನಕ್ಕೆ ನಮ್ಮ ಕಡೆ ಭತ್ತದ ಕಟಾವು ಸುರು ಆಗ್ತದ. ಕಟಾವು ಸುರು ಆದ ಕೂಡ್ಲೆ ಕುರಿ ಹಿಂಡುಗಳು ಬರ್ತಾವ. ಕೂಡ್ಲಿಗಿ ಕಡೆಯಿಂದ, ಸಂಡೂರು ಕಡೆಯಿಂದ, ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ. ಮುಂದೆ ಒಬ್ಬ ಯಜಮಾನ ಹೆಗಲ ಮೇಲೆ ಕಂಬಳಿ, ಕೈಯಾಗ ಕೋಲು. ಹಿಂದೆ ಮುನ್ನೂರು ನಾನೂರು ಕುರಿ. ಅದರ ಹಿಂದೆ ಎರಡು ನಾಯಿ. ಕಡೆಗೆ ಒಂದು ಕುದುರೆ, ಅದರ ಮೇಲೆ ಅಡುಗೆ ಪಾತ್ರೆ, ಬಲೆ, ಹಿಟ್ಟಿನ ಚೀಲ, ಚೀಲದ ಬಾಯಿಂದ ಹೊರಗೆ ಮುಖ ಹಾಕಿದ ಎರಡು ಮೂರು ಮರಿ. ದಾರಿಯಾಗ ಹುಟ್ಟಿದ ಮರಿ ನಡೆಯಲಾರವು, ಅವಕ್ಕೆ ಕುದುರೆ ಸವಾರಿ. ಜೊತೆಗೆ ಒಬ್ಬಳು ಹೆಣ್ಮಗಳು, ಆಕೆ ಕಂಕುಳಾಗ ಕೂಸು. ಇದನ್ನ ನೀವೆಲ್ಲ ಸಣ್ಣವರಿದ್ದಾಗಿಂದ ನೋಡಿದ್ದೀರಿ, ನಾನು ಹೊಸದೇನೂ ಹೇಳ್ತಾ ಇಲ್ಲ.

ಹೊಸದು ಏನಂದ್ರೆ, ಈ ಸಲ ನಮ್ಮ ಕೆಲವು ಊರಾಗ ಊರ ಬಾಗಿಲಿಗೆ ಬೋರ್ಡು ಹಾಕಬೇಕು ಅನ್ನೋ ಮಾತು ಎದ್ದಿದೆ. ಹೊರಗಿನ ಕುರಿ ಬರಕೂಡದು, ಬಂದರೆ ದಂಡ. ಈ ಮಾತು ಎತ್ತಿದವರು ಕೆಟ್ಟವರಲ್ಲ. ಅವರ ಬದುವಿನ ಮೆಣಸಿನ ಗಿಡ ಹೋದ ವರ್ಷ ಕುರಿ ಮೇಯ್ದಾವ, ಸಿಟ್ಟಿನಲ್ಲಿ ನ್ಯಾಯ ಐತಿ. ಆದರೆ ಈ ಬೋರ್ಡು ಬರೆಯೋ ಮೊದಲು ನನ್ನದೊಂದು ಮಾತು ಕೇಳ್ರಿ ಅಂತಲೇ ನಾನು ಇವತ್ತು ಎದ್ದು ನಿಂತದ್ದು.

ಮೊದಲು, ಈ ಕುರಿ ಯಾಕೆ ಊರು ಬಿಡ್ತಾವ ಅನ್ನೋದು.

ಕಾಲುವೆ ಕೆಳಗಿನವರಿಗೆ ಬಳ್ಳಾರಿ ಜಿಲ್ಲೆ ಎಂಥಾ ಜಿಲ್ಲೆ ಅನ್ನೋದು ಮರೆತು ಹೋಗಿದೆ. ವರ್ಷಕ್ಕೆ ಇಪ್ಪತ್ತು ಅಂಗುಲ ಮಳೆ ಬಿದ್ದರೆ ಆ ವರ್ಷ ಹಬ್ಬ. 1876ರಿಂದ 78ರವರೆಗಿನ ಧಾತು ಬರದಲ್ಲಿ ಮದ್ರಾಸ್ ಪ್ರಾಂತ್ಯದೊಳಗೆ ಬಹಳ ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಜನ ಸತ್ತರು, ದನ ಸತ್ತವು. ಅದು ಅಜ್ಜನ ಅಜ್ಜನ ಕಾಲದ ಕಥೆ ಅನಬ್ಯಾಡ್ರಿ. 2023ರಲ್ಲಿ ರಾಜ್ಯದ 236 ತಾಲೂಕಿನೊಳಗ 223ನ್ನು ಸರಕಾರವೇ ಬರಪೀಡಿತ ಅಂತ ಬರೆದುಕೊಂಡಿತು. ಆ ವರ್ಷ ನಮ್ಮ ಡ್ಯಾಮೇ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ನಮ್ಮ ಊರಿನ ಹುಡುಗರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಸ್ಸು ಹತ್ತಿದರು. ಅದಕ್ಕೆ ನಾವು ಏನಂತೀವಿ? ಗುಳೆ ಅಂತೀವಿ. ಮನುಷ್ಯ ಹೋದರೂ ಗುಳೆ, ಕುರಿ ಹೋದರೂ ಗುಳೆ. ಮೇವು ನೀರು ಇಲ್ಲದ ಕಡೆಯಿಂದ ಇರೋ ಕಡೆಗೆ ಜೀವ ಉಳಿಸಿಕೊಳ್ಳಾಕ ಹೋಗೋದು.

ಬರ ಒಂದೇ ಆಗಿದ್ದರೆ ಕುರಿಗಾರರು ಬರದ ವರ್ಷ ಮಾತ್ರ ಬರ್ತಿದ್ದರು. ಈಗ ಮಳೆ ಆದ ವರ್ಷವೂ ಬರ್ತಾರೆ, ದೀಪಾವಳಿಗೆ ಮುಂಚೆಯೇ ಹೊರಡ್ತಾರೆ, ಮುಂಗಾರು ಬಿದ್ದ ಮೇಲೂ ತಿರುಗಿ ಹೋಗಾಕ ಮನಸ್ಸು ಮಾಡೋದಿಲ್ಲ. ಯಾಕಂದ್ರೆ ಅಲ್ಲಿ ಕಾಲಿಡಾಕ ಜಾಗ ಇಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲು ನೋಡ್ರಿ. ಮೈಸೂರು ಅರಸರ ಕಾಲದಿಂದ ದನಕ್ಕೆ ಅಂತ ಬಿಟ್ಟಿದ್ದ ಹುಲ್ಲುಗಾವಲು, ಸುತ್ತಲ ಹಳ್ಳಿಯ ಕುರಿಯೂ ಅಲ್ಲೇ ಮೇಯ್ತಿದ್ದವು, ಅವುಗಳ ಉಣ್ಣೆಯಿಂದಲೇ ಚಳ್ಳಕೆರೆ ಕಂಬಳಿಗೆ ಹೆಸರು ಬಂತು. 2008ರ ನಂತರ ಅದರೊಳಗೆ ಸಾವಿರಾರು ಎಕರೆಯನ್ನ ರಕ್ಷಣಾ ಸಂಶೋಧನೆಗೆ, ಅಣು ಸಂಶೋಧನೆಗೆ, ಬಾಹ್ಯಾಕಾಶಕ್ಕೆ, ವಿಜ್ಞಾನ ಸಂಸ್ಥೆಗೆ ಅಂತ ಹಂಚಿದರು. ಗೋಡೆ ಎದ್ದಿತು. ಹಳ್ಳಿಯವರು ಹಸಿರು ನ್ಯಾಯಮಂಡಳಿಗೆ ಹೋದರು. ಗೋಡೆ ಮಾತ್ರ ಎದ್ದದ್ದು ಎದ್ದಂಗೇ ಐತಿ. ದೇಶಕ್ಕೆ ರಾಕೆಟ್ಟೂ ಬೇಕು, ನಾನು ಬ್ಯಾಡ ಅನ್ನೋದಿಲ್ಲ. ಕುರಿ ಎಲ್ಲಿ ಮೇಯಬೇಕು ಅನ್ನೋದನ್ನ ಆ ಕಾಗದದಾಗ ಯಾರೂ ಬರೀಲಿಲ್ಲ, ಅಷ್ಟೇ ನನ್ನ ಮಾತು.

ಸಂಡೂರು ಗುಡ್ಡದ ಕಥೆ ನಿಮಗೆಲ್ಲ ಗೊತ್ತು. ಅದಿರಿನ ಲಾರಿ ಓಡಾಡಿದ ವರ್ಷಗಳಲ್ಲಿ ಗುಡ್ಡದ ಹುಲ್ಲಿನ ಮೇಲೆ ಕೆಂಪು ಧೂಳು ಕುಂತಿತು, ಹಳ್ಳದ ನೀರು ಕೆಂಪಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು, ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು, ಆಮೇಲೆ ಲೆಕ್ಕಾಚಾರ ಹಾಕಿ ಮತ್ತೆ ಸುರು ಮಾಡಿದರು. ಇನ್ನು ನಮ್ಮ ಮಗ್ಗುಲಿಗೇ ಇರುವ ಕುಡತಿನಿ, ಹರಗಿನಡೋಣಿ, ವೇಣಿವೀರಾಪುರ. ಅಲ್ಲಿ 2010ರ ಆಸುಪಾಸು ಉಕ್ಕಿನ ಕಾರ್ಖಾನೆ ಅಂತ ರೈತರ ಸಾವಿರಾರು ಎಕರೆ ತಗೊಂಡರು. ಹೇಳಿದ ಕಾರ್ಖಾನೆ ಬರಲಿಲ್ಲ. ನ್ಯಾಯವಾದ ಬೆಲೆ ಕೊಡ್ರಿ, ಇಲ್ಲ ಕೆಲಸ ಕೊಡ್ರಿ ಅಂತ ರೈತರು 2022ರ ಡಿಸೆಂಬರಿನಿಂದ ಧರಣಿ ಕುಂತರು. ನಾವು ಹೋಗಿ ಅವರ ಜೊತೆ ಕುಂತು ಬಂದೀವಿ. ಆದರೆ ಅದೇ ಹೊಲಗಳ ಬೀಳಿನಾಗ ವರ್ಷಾ ವರ್ಷಾ ಹತ್ತು ದಿನ ತಂಗಿ ಮುಂದೆ ಹೋಗ್ತಿದ್ದ ಕುರಿ ಹಿಂಡು ಈಗ ಎಲ್ಲಿ ತಂಗ್ತಾವ ಅಂತ ನಾವು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕುಡತಿನಿ ಅಂದ ಮೇಲೆ ಒಂದು ಮಾತು ನೆನಪಾಯ್ತು. ಅಲ್ಲಿ ಬಳ್ಳಾರಿ–ಹೊಸಪೇಟೆ ದಾರಿ ಮಗ್ಗುಲಲ್ಲಿ ಬೂದಿ ದಿಬ್ಬ ಐತಲ್ಲ, ರಾಕ್ಷಸನನ್ನು ಸುಟ್ಟ ಬೂದಿ ಅಂತ ನಮ್ಮ ಅಜ್ಜಿ ಹೇಳ್ತಿದ್ದಳು. ಪಂಡಿತರು ಅಗೆದು ನೋಡಿ ಹೇಳಿದ್ದು ಬೇರೆ. ಅದು ದನದ ಸಗಣಿ ಸುಟ್ಟ ಬೂದಿ. ನಾಲ್ಕೈದು ಸಾವಿರ ವರ್ಷದ ಹಿಂದೆ, ಕಬ್ಬಿಣ ಇನ್ನೂ ಗೊತ್ತಿಲ್ಲದ ಜನ, ತಮ್ಮ ದನಗಳನ್ನ ದೊಡ್ಡಿಯಾಗ ಕೂಡಿ ಹಾಕಿ ಸಗಣಿ ಗುಡ್ಡೆ ಹಾಕಿ ಸುಟ್ಟು ಸುಟ್ಟು ಆ ದಿಬ್ಬ ಎದ್ದಿದೆ ಅಂತಾರೆ. ಆಲ್ಚಿನ್ ಅನ್ನೋ ಇಂಗ್ಲೆಂಡಿನ ಪಂಡಿತರು 1963ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಅದೇ ಹೊತ್ತಿಗೆ ನಮ್ಮ ತೆಕ್ಕಲಕೋಟೆಯ ಗುಡ್ಡದಲ್ಲೂ ಅಗೆದು, ಆ ಕಾಲದ ಜನ ಬಾಳಿದ ಗುರುತು ತೆಗೆದರು. ನಮ್ಮ ನೆಲದಾಗ ಭತ್ತ ಮೊನ್ನೆ ಬಂದದ್ದು, ಹಿಂಡು ಬಂದು ತಂಗೋದು ನಾಲ್ಕೈದು ಸಾವಿರ ವರ್ಷದ್ದು.

ಈಗ ನಮ್ಮ ಅಪ್ಪನ ಕಾಲಕ್ಕೆ ಬರೋಣ. ಡ್ಯಾಮಿನಾಗ ನೀರು ನಿಂತದ್ದು 1953ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ಕಾಲುವೆ ನೀರು ಬಂದ ಮೇಲೂ ಬಹಳ ವರ್ಷ ನಮ್ಮ ಎರೆ ಹೊಲದಾಗ ಜೋಳ, ಹತ್ತಿ, ಕಡಲೆ ಇದ್ದವು. ಸರಕಾರದ ಲೆಕ್ಕದಲ್ಲೂ ನಮ್ಮ ಹೆಚ್ಚಿನ ಭೂಮಿ ಅರೆ ನೀರಾವರಿ ಬೆಳೆಗೆ ಅಂತಲೇ ಗುರುತು ಮಾಡಿದ್ದು, ಭತ್ತಕ್ಕಲ್ಲ. ಆಗ ಕುರಿ ಬಂದರೆ ಊರಿಗೆ ಊರೇ ಎದುರು ಹೋಗ್ತಿತ್ತು. ಸುಳ್ಳಲ್ಲ. ನಮ್ಮ ಅಪ್ಪ ಕುರಿ ಯಜಮಾನನಿಗೆ ಎಲೆ ಅಡಿಕೆ ಕೊಟ್ಟು, ಮೊದಲು ನಮ್ಮ ಹೊಲದಾಗ ತರುಬ್ರಿ, ಆಮೇಲೆ ಅವರದು ಅಂತ ಜಗಳ ಆಡ್ತಿದ್ದ. ಕುರಿ ತರುಬಿಸೋದು ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ರಾತ್ರಿ ಹಿಂಡನ್ನ ಒಂದೇ ಹೊಲದಾಗ ಕೂಡಿಸೋದು. ಇವತ್ತು ಈ ತುಂಡು, ನಾಳೆ ಅದರ ಮಗ್ಗುಲಿನ ತುಂಡು. ಹಿಕ್ಕೆಯೂ ಅಲ್ಲೇ ಬೀಳ್ತದ, ಉಚ್ಚೆಯೂ ಅಲ್ಲೇ ಇಳೀತದ, ಗಾಡಿ ಕಟ್ಟಿ ಗೊಬ್ಬರ ಹೊರುವ ಕೆಲಸ ಇಲ್ಲ. ಬೆಳಿಗ್ಗೆ ಎದ್ದು ನೇಗಿಲು ಹೊಡೆದರೆ ಮುಗೀತು. ದನದ ತಿಪ್ಪೆಗೊಬ್ಬರಕ್ಕಿಂತ ಕುರಿ ಗೊಬ್ಬರಕ್ಕೆ ಕಸುವು ಹೆಚ್ಚು ಅನ್ನೋದನ್ನ ಕೃಷಿ ಇಲಾಖೆಯವರೂ ಒಪ್ತಾರೆ. ಅದಕ್ಕೆ ಪ್ರತಿಯಾಗಿ ರಾತ್ರಿಗೆ ಇಷ್ಟು ಸೇರು ಜೋಳ, ಹಬ್ಬ ಇದ್ದರೆ ಬೆಲ್ಲ, ಕಾಸು ಇದ್ದರೆ ಕಾಸು. ಕುರುಗೋಡು ದೊಡ್ಡಬಸವೇಶ್ವರನ ತೇರಿಗೆ ಹೋಗಿ ಬರೋ ಹೊತ್ತಿಗೆ ಕುರಿಗಾರರು ನಮ್ಮ ಹೊಲ ಮುಗಿಸಿ ಮುಂದಿನ ಊರಿಗೆ ಹೋಗಿರ್ತಿದ್ದರು.

ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಅಂತ ನಾವು ಗಾದೆ ಹೇಳ್ತೀವಿ. ಆ ಗಾದೆಯಾಗ ಅರ್ಧ ಬಿಟ್ಟು ಹೋಗಿದೆ. ಕೊಬ್ಬಿದ ಕುರಿ ಮಲಗಿದ ಹೊಲವೂ ಕೊಬ್ಬುತ್ತಿತ್ತು.

ಆಮೇಲೆ ಎರಡು ಬೆಳೆ ಭತ್ತ ಬಂತು. ಭತ್ತ ಬಂದದ್ದು ತಪ್ಪು ಅಂತ ನಾನು ಹೇಳಿದರೆ ನನ್ನ ಮನಿಯವರೇ ಒಪ್ಪೋದಿಲ್ಲ, ನನ್ನ ಮಕ್ಕಳು ಓದಿದ್ದು ಭತ್ತದ ದುಡ್ಡಿನಾಗ. ಆದರೆ ಭತ್ತದ ಜೊತೆ ಏನೇನು ಬಂತು ನೋಡ್ರಿ. ಮೊದಲ ಬೆಳೆ ಕೊಯ್ದು ಎರಡನೇ ನಾಟಿಗೆ ನಡುವೆ ಸಿಗೋದು ಕೆಲವೇ ದಿನ. ಹಿಂದೆ ಆಳು ಕೊಯ್ತಿದ್ದರು, ಹುಲ್ಲು ಬಣವೆ ಆಗ್ತಿತ್ತು, ಕೂಳೆ ಕುರಿಗೆ ಉಳೀತಿತ್ತು. ಈಗ ಮಿಷನ್ನು ಬಂದು ಅರ್ಧ ದಿನದಾಗ ಹತ್ತು ಎಕರೆ ಮುಗಿಸಿ, ಹುಲ್ಲನ್ನ ಹೊಲದ ತುಂಬಾ ಚೆಲ್ಲಿ ಹೋಗ್ತದ. ಅದನ್ನ ಆರಿಸೋರು ಯಾರು? ಸಂಜೆ ಒಂದು ಕಡ್ಡಿ ಗೀರಿದರೆ ಬೆಳಿಗ್ಗೆ ಹೊಲ ಸಾಪು. ಕಾರ್ತಿಕ ಮಾಸದಾಗ ಸಿರುಗುಪ್ಪ ದಾರಿ ಹಿಡಿದು ರಾತ್ರಿ ಬಂದವರು ನೋಡಿರ್ತೀರಿ, ಎರಡೂ ಬದಿಗೆ ಬೆಂಕಿ. ಕುರಿಗೆ ಮೇವಾಗಬೇಕಾದ ಹುಲ್ಲು ಅದು. ನೂರು ಮೈಲಿ ನಡೆದು ಬಂದ ಹಿಂಡು ಬೂದಿ ಮೇಲೆ ನಿಂತಿರ್ತದ.

ಹೊಲ ಸುಟ್ಟ ಮೇಲೆ ನಾವು ಎಲ್ಲಿ ಹೋಗ್ತೀವಿ? ಗೊಬ್ಬರದಂಗಡಿಗೆ. ಡಿಎಪಿ 50 ಕೆ.ಜಿ. ಚೀಲಕ್ಕೆ 1,350 ರೂಪಾಯಿ, ಯೂರಿಯಾ 45 ಕೆ.ಜಿ. ಚೀಲಕ್ಕೆ 266 ರೂಪಾಯಿ ಐವತ್ತು ಪೈಸೆ. ಇದು ಚೀಲದ ಮೇಲೆ ಅಚ್ಚಾದ ಬೆಲೆ. ನಾಟಿ ಹೊತ್ತಿಗೆ ಸರಿಯಾಗಿ ಮಾಲು ಇರೋದಿಲ್ಲ, ಇದ್ದರೆ ಅದರ ಜೊತೆ ನಮಗೆ ಬೇಡದ ಒಂದು ಡಬ್ಬಿ ಕಟ್ಟುತ್ತಾರೆ. ದುಡ್ಡಿಲ್ಲ ಅಂದರೆ ಉದ್ರಿ. ಉದ್ರಿ ಅಂದ ಕೂಡ್ಲೆ ಬೆಳೆ ನಮ್ಮದಲ್ಲ. ಭತ್ತಕ್ಕೆ 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ, ಅಂದರೆ ನಮ್ಮ 75 ಕೆ.ಜಿ. ಚೀಲಕ್ಕೆ 1,776. ಉದ್ರಿ ತಂದವನು ಆ ಬೆಲೆ ಬರೋತನಕ ಕಾಯಾಕ ಆಗ್ತದೇನು? ಕಣದಾಗಲೇ ತೂಕ, ಕಣದಾಗಲೇ ಲೆಕ್ಕ, ಅಂಗಡಿಯವರು ಹೇಳಿದ್ದೇ ಬೆಲೆ. ನಾವು ಸರಕಾರದ ಎದುರು ವೈಜ್ಞಾನಿಕ ಬೆಲೆ ಅಂತ ಕೂಗೋದು ಸರಿ ಐತಿ, ಕೂಗಲೇಬೇಕು. ಆದರೆ ನಮ್ಮ ಸಾಲದ ಒಂದು ಕೊನೆ ಸುಟ್ಟ ಹುಲ್ಲಿಗೆ, ಓಡಿಸಿದ ಕುರಿಗೆ ಕಟ್ಟಿಕೊಂಡಿದೆ.

ಈಗ ನಾನು ಹೇಳಬೇಕಾದ್ದು ಬೇರೆ ಒಂದು ಐತಿ. ಇದನ್ನ ಇಲ್ಲಿವರೆಗೆ ಸಭೆಯಲ್ಲಿ ಹೇಳಿಲ್ಲ.

ನಾಲ್ಕು ವರ್ಷದ ಹಿಂದೆ ನಾನು ಎರಡು ಎಕರೆ ಮೆಣಸಿನಕಾಯಿ ಹಾಕಿದ್ದೆ. ಆ ವರ್ಷ ರೋಗ ಬಹಳ, ವಾರಕ್ಕೆ ಎರಡು ಸಲ ಔಷಧ. ಒಂದು ದಿನ ಸಂಜೆ ಔಷಧ ಹೊಡೆದು ಬದುವಿನ ಹುಲ್ಲಿಗೂ ಬಿಟ್ಟೆ, ಹುಲ್ಲಿನಾಗ ಹುಳ ಅಡಗಿರ್ತಾವ ಅಂತ. ಮನೆಗೆ ಬರೋ ದಾರಿಯಾಗ ಕುರಿ ಹಟ್ಟಿ ನೋಡಿದೆ. ಯಜಮಾನ ಒಲೆ ಮುಂದೆ ಕುಂತಿದ್ದ, ಕೈ ಎತ್ತಿ ನಮಸ್ಕಾರ ಮಾಡಿದ. ನಾನೂ ಮಾಡಿದೆ. ನಾಳೆ ಆ ಬದುವಿಗೆ ಬರಬ್ಯಾಡ್ರಿ ಅಂತ ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, ಹಿಂದಿನ ವಾರ ಅವನ ಕುರಿ ನನ್ನ ಹತ್ತು ಗಿಡ ಕಡಿದಿದ್ದವು. ಸಾಯಲಿ ಅಂತ ನಾನು ಬಯಸಲಿಲ್ಲ, ಅಷ್ಟು ದೊಡ್ಡ ಪಾಪದ ಯೋಚನೆ ನನಗೆ ಬಂದಿರಲಿಲ್ಲ. ಆದರೆ ಬಾಯಿ ಬಿಟ್ಟು ಹೇಳಾಕ ಮನಸ್ಸೂ ಬರಲಿಲ್ಲ. ಇವೆರಡರ ನಡುವೆ ಏನೈತಿ ಅದೇ ನಾನು ಮಾಡಿದ್ದು.

ಬೆಳಿಗ್ಗೆ ಹತ್ತು ಗಂಟೆಗೆ ಕೂಗು ಕೇಳಿತು. ಹೋಗಿ ನೋಡಿದರೆ ಕುರಿ ಬಾಯಾಗ ನೊರೆ, ಕಾಲು ಬಡಿಯೋದು, ಮೈ ನಡುಗೋದು. ಪಶು ಡಾಕ್ಟರು ಬರೋ ಹೊತ್ತಿಗೆ ಹನ್ನೊಂದು ಸತ್ತಿದ್ದವು. ಬಂದು ಅಟ್ರೋಪಿನ್ ಸೂಜಿ ಹಾಕಿದರು. ಸೂಜಿ ಬೇಗ ಬಿದ್ದವು ಎದ್ದು ನಿಂತವು, ತಡ ಆದವು ಹೋದವು. ಒಟ್ಟು ಹತ್ತೊಂಬತ್ತು. ಅದರಾಗ ಏಳು ಗಬ್ಬದ ಕುರಿ. ಯಜಮಾನ ನನ್ನ ಮೇಲೆ ಕೈ ಮಾಡಲಿಲ್ಲ, ಬೈಯಲಿಲ್ಲ. 'ಗೌಡ್ರೇ, ಒಂದು ಮಾತು ಅಂದಿದ್ರ ಆಗ್ತಿತ್ತು' ಅಂದ, ಅಷ್ಟೇ. ಊರ ಹಿರಿಯರು ಕುಂತು ನಾಲ್ವತ್ತು ಸಾವಿರ ಕೊಡು ಅಂದರು. ಕೊಟ್ಟೆ, ಅದನ್ನೂ ಸಾಲ ಮಾಡಿಯೇ ಕೊಟ್ಟೆ. ಆ ಕುರಿಗಳ ಬೆಲೆ ಅದರ ಎರಡರಷ್ಟು ಇತ್ತು ಅನ್ನೋದು ನನಗೂ ಗೊತ್ತಿತ್ತು, ಹಿರಿಯರಿಗೂ ಗೊತ್ತಿತ್ತು. ಹೊರಗಿನವನು ಅಂತ ಅರ್ಧಕ್ಕೆ ಮುಗಿಸಿದರು. ಆ ಮೆಣಸಿನಕಾಯಿಯಾಗ ನನಗೆ ಏನೂ ಉಳೀಲಿಲ್ಲ, ಅದು ಬೇರೆ ಮಾತು. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಾಗ ಬೆಲೆ ಬಿದ್ದು ರೈತರು ಸಿಟ್ಟಿಗೆದ್ದದ್ದು ನೀವೆಲ್ಲ ಕೇಳಿದ್ದೀರಿ, ಆ ಬೆಳೆಯ ಹಣೆಬರಹವೇ ಅಷ್ಟು.

ಆವತ್ತಿನಿಂದ ನಾನು ಕುರಿಗಾರರ ಹಟ್ಟಿಗೆ ಹೋಗಿ ಕುಂತು ಮಾತಾಡೋದು ಸುರು ಮಾಡಿದೆ. ಅವರ ಪಾಡು ಕೇಳಿದರೆ ನಮ್ಮದೇ ಪಾಡು ಬೇರೆ ಬಟ್ಟೆ ಹಾಕ್ಕೊಂಡು ನಿಂತಂಗೆ ಐತಿ.

ಅಲ್ಲಿ ತೋಳದ ಭಯ, ಇಲ್ಲಿ ಔಷಧದ ಭಯ. ತೋಳ ಬಂದರೆ ನಾಯಿ ಬೊಗಳ್ತದ, ಔಷಧಕ್ಕೆ ನಾಯಿ ಬೊಗಳೋದಿಲ್ಲ ಅಂದ ಒಬ್ಬ ಹುಡುಗ. ಮಿಷನ್ನು ಉದುರಿಸಿದ ಕಾಳು ರಾಶಿ ಬಿದ್ದಿದ್ದರೆ ಹಸಿದ ಕುರಿ ಅದನ್ನೇ ಗಬಗಬ ತಿಂದು, ಹೊಟ್ಟೆ ಉಬ್ಬಿ, ಹುಳಿ ಏರಿ ಎರಡು ದಿನದಾಗ ಸಾಯ್ತದ. ಮಳೆ ಇಲ್ಲದೆ ಬಾಡಿದ ಎಳೆ ಜೋಳಕ್ಕೆ ಬಾಯಿ ಹಾಕಿದರೆ ವಿಷ ಏರಿ ನಿಂತಲ್ಲೇ ಬೀಳ್ತದ. ಗದ್ದೆಯ ನಿಂತ ನೀರಿನಾಗ ಬಸವನಹುಳ ಇರ್ತಾವ, ಅದರಿಂದ ಕುರಿಯ ಈಲಿಯಾಗ ಹುಳ ಸೇರ್ತಾವ. ಇಲ್ಲಿ ದುಂಡಗೆ ಕಂಡ ಕುರಿ ಊರು ಮುಟ್ಟೋ ಹೊತ್ತಿಗೆ ಗದ್ದದ ಕೆಳಗೆ ನೀರು ತುಂಬಿ ಸೊರಗ್ತದ. ಎರೆ ಮಣ್ಣು ಹಸಿ ಆದರೆ ಗೊರಸು ಕೊಳೀತದ. ಅದಕ್ಕೇ ಮುಂಗಾರು ಬಿದ್ದ ಕೂಡ್ಲೆ ಅವರು ಮಸಾರಿ ನೆಲಕ್ಕೆ, ಗುಡ್ಡಕ್ಕೆ ತಿರುಗಿ ಹೋಗೋದು. ಹೋಗಾಕ ಗುಡ್ಡ ಇದ್ದರೆ. ದಾರಿಯಾಗ ಕಳ್ಳರು ಬೇರೆ, ರಾತ್ರಿ ಟೆಂಪೋ ತಂದು ಹತ್ತು ಕುರಿ ಎತ್ತಿ ಹಾಕ್ಕೊಂಡು ಹೋಗ್ತಾರೆ. ಚಳ್ಳಕೆರೆಯಿಂದ ರಾಂಪುರ, ಬಳ್ಳಾರಿ ಮೇಲೆ ಸಿರುಗುಪ್ಪಕ್ಕೆ ಬರೋ ಹೆದ್ದಾರಿಯಾಗ ಬೆಳಗಿನ ಜಾವ ಹಿಂಡು ದಾಟಿಸೋದು ಅಂದರೆ ಜೀವ ಕೈಯಾಗ ಹಿಡಕೊಂಡಂಗ. ಬಳ್ಳಾರಿ ಊರು ನಾಲ್ಕೂ ಕಡೆ ಬೆಳೆದು ನಿಂತಿದೆ. ಹಿಂದೆ ಊರ ಹೊರಗೆ ಹಿಂಡು ಇಳಿಸ್ತಿದ್ದ ಬಯಲಿನಾಗ ಈಗ ಸೈಟಿನ ಕಲ್ಲು. ಸುತ್ತು ಹಾಕಿ, ಮೋಕಾ ಕಡೆ ಹಗರಿ ಉಸುಕು ಹಿಡಿದು ಬರ್ತಾರೆ. ಮಕ್ಕಳ ಸಾಲಿ ಬಗ್ಗೆ ಕೇಳಬ್ಯಾಡ್ರಿ.

ಇನ್ನು ಅವರ ಬೆಲೆ. ಉಣ್ಣೆ ಕತ್ತರಿಸೋ ಕೂಲಿಗೆ ಉಣ್ಣೆ ಮಾರಿದ ದುಡ್ಡು ಸಾಲೋದಿಲ್ಲ, ಎಷ್ಟೋ ಜನ ಕತ್ತರಿಸಿದ್ದನ್ನ ಅಲ್ಲೇ ಬಿಸಾಡ್ತಾರೆ. ನಮ್ಮ ಜಿಲ್ಲೆಯ ಹೆಸರು ಹೊತ್ತ ಬಳ್ಳಾರಿ ಕುರಿ ಅಂತ ಒಂದು ತಳಿಯೇ ಐತಿ, ಕಂಬಳಿ ಉಣ್ಣೆಯ ಕುರಿ. ಉಣ್ಣೆಗೆ ಬೆಲೆ ಇಲ್ಲದ ಮೇಲೆ ಅದನ್ನ ಬಿಟ್ಟು ಮಾಂಸದ ತಳಿಗೆ ಹೋಗ್ತಾ ಇದ್ದಾರೆ. ಆ ಮಾಂಸದ ಬೆಲೆಯಾದರೂ ಯಾರು ಕಟ್ತಾರೆ? ಸಂತೆಯಾಗ ಕುರಿಯನ್ನ ತೂಕ ಹಾಕೋದಿಲ್ಲ. ದಲ್ಲಾಳಿ ಬೆನ್ನ ಮೇಲೆ ಕೈ ಇಟ್ಟು, ಸೊಂಟ ಹಿಚುಕಿ, ಟವಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳ್ತಾನೆ. ಅಂಗಡಿಯಾಗ ಮಾಂಸ ಮಾತ್ರ ಗ್ರಾಂ ಲೆಕ್ಕದಾಗ ತೂಕ. ಭತ್ತಕ್ಕೆ ತೂಕದ ಮೋಸ ಅಂತ ನಾವು ಹೋರಾಟ ಮಾಡಿದೀವಿ. ಇವರಿಗೆ ತೂಕವೇ ಇಲ್ಲ. ಮಗಳ ಮದುವೆಗೆ ಅಂತ ದಲ್ಲಾಳಿ ಹತ್ತಿರ ಮುಂಗಡ ತಂದಿದ್ದರೆ ಮರಿ ಹುಟ್ಟೋ ಮೊದಲೇ ಅದು ಅವನದು. ನಮ್ಮ ಉದ್ರಿಯ ತಮ್ಮ ಇದು.

ಸತ್ತ ಕುರಿಗೆ ಪರಿಹಾರ ಕೊಡೋ ಅನುಗ್ರಹ ಅಂತ ಒಂದು ಯೋಜನೆ ಐತಿ. ಮೊದಲು ಕುರಿಗೆ 5,000 ಇತ್ತು, 2025–26ರ ಬಜೆಟ್ಟಿನಲ್ಲಿ 7,500 ಮಾಡ್ತೀವಿ ಅಂದರು. ಕೊಡಬೇಕಾದ್ದೇ. ಆದರೆ ಅದಕ್ಕೆ ಡಾಕ್ಟರು ಬಂದು ಹೆಣ ಕೊಯ್ದು ನೋಡಿ ಕಾಗದ ಬರೀಬೇಕು. ಕೂಡ್ಲಿಗಿ ಕುರಿ ಹಚ್ಚೊಳ್ಳಿ ಕಾಲುವೆ ಮೇಲೆ ಸತ್ತರೆ, ಗುರುತಿಲ್ಲದ ಊರಾಗ ಡಾಕ್ಟರನ್ನ ಹುಡುಕಿ ತರೋರು ಯಾರು? ಅಷ್ಟೊತ್ತಿಗೆ ಹೆಣ ನಾಯಿ ಎಳ್ಕೊಂಡು ಹೋಗಿರ್ತಾವ. ಅಲ್ಲಿ ಬೇಕಾದ್ದು ಊರಿನ ರೈತ ಒಬ್ಬ. ಫೋನು ಮಾಡಾಕ, ಜೊತೆಗೆ ನಿಲ್ಲಾಕ.

ನಮ್ಮ ಊರಾಗ ಈ ಮಾತು ಆಡಿದಾಗ ಒಬ್ಬ ಹುಡುಗ, ಓದಿದ ಹುಡುಗ, ಎದ್ದು ಕೇಳಿದ: 'ದೊಡ್ಡಪ್ಪ, ಅವರ ಕುರಿಗೆ ನಮ್ಮ ಹೊಲದಾಗ ಮೇವು ಬಿಟ್ಟಿ ಕೊಡಬೇಕೇನು? ಮ್ಯಾಲೆ ರೊಕ್ಕನೂ ಕೊಡಬೇಕೇನು?' ಒಳ್ಳೆ ಪ್ರಶ್ನೆ. ನಾನು ಲೆಕ್ಕ ಹೇಳಿದೆ. ಹೋದ ವರ್ಷ ನನ್ನ ಒಂದು ಎಕರೆಯಾಗ ಮುನ್ನೂರು ಕುರಿ ಮೂರು ರಾತ್ರಿ ತರುಬಿಸಿದೆ. ಒಂದು ಕುರಿ ರಾತ್ರಿಗೆ ಅರ್ಧ ಕೆ.ಜಿ. ಹಿಕ್ಕೆ ಹಾಕಿತು ಅಂದರೂ ನಾಲ್ಕೂವರೆ ಕ್ವಿಂಟಲ್, ಉಚ್ಚೆ ಬೇರೆ. ರಾತ್ರಿಗೆ 500 ರೂಪಾಯಿ, ಜೊತೆಗೆ ಒಟ್ಟು 15 ಕೆ.ಜಿ. ಅಕ್ಕಿ ಕೊಟ್ಟೆ. ಆ ಎಕರೆಗೆ ಬುಡದ ಡಿಎಪಿ ಒಂದು ಚೀಲ ಕಡಿಮೆ ಹಾಕಿದೆ, ಯೂರಿಯಾ ಒಂದು ಚೀಲ ಕಡಿಮೆ ಮಾಡಿದೆ. ಮಗ್ಗುಲ ಎಕರೆಗಿಂತ ಬೆಳೆ ಕಡಿಮೆ ಬರಲಿಲ್ಲ. ರೊಕ್ಕದ ಲೆಕ್ಕದಾಗ ಆ ವರ್ಷಕ್ಕೆ ಸರಿಸಮ ಆಯ್ತು, ದೊಡ್ಡ ಲಾಭ ಅಂತ ಸುಳ್ಳು ಹೇಳೋದಿಲ್ಲ. ಆದರೆ ಗೊಬ್ಬರದ ಚೀಲದ ಕಸುವು ಒಂದು ಬೆಳೆಗೆ, ಹಿಕ್ಕೆಯದು ಮುಂದಿನ ಬೆಳೆಗೂ ಇರ್ತದ. ನೀರು ನಿಂತು ನಿಂತು ಸವಳಾಗಿ ಬೆಳ್ಳಗಾದ ನೆಲ ನಮ್ಮ ತಾಲೂಕಿನಾಗ ಎಷ್ಟಿದೆ ಅಂತ ನಿಮಗೆ ಗೊತ್ತು. ಆ ನೆಲಕ್ಕೆ ಚೀಲದ ಗೊಬ್ಬರ ಎಷ್ಟು ಸುರಿದರೂ ಅಷ್ಟೇ.

ಇನ್ನೊಂದು ಮಾತನ್ನೂ ಮುಚ್ಚಿಡೋದಿಲ್ಲ. ಕುರಿ ಹಿಕ್ಕೆ ಜೊತೆ ಜಾಲಿ ಬೀಜವೂ ಬರ್ತದ. ಊರಿಗೆ ಊರೇ ನುಂಗಿದ ಆ ಗಿಡಕ್ಕೆ ನಾಡೆಲ್ಲ ಬಳ್ಳಾರಿ ಜಾಲಿ ಅಂತ ನಮ್ಮ ಜಿಲ್ಲೆಯ ಹೆಸರೇ ಇಟ್ಟಿದೆ! ಕುರಿ ಕಾಯಿ ತಿಂತಾವ, ಬೀಜ ಹೊಲದಾಗ ಹಾಕ್ತಾವ. ಗದ್ದೆಯಾಗ ನೀರು ನಿಂತರೆ ಅದು ಏಳೋದಿಲ್ಲ, ಬದುವಿನಾಗ ಏಳ್ತದ. ಎದ್ದಾಗ ಕೀಳಬೇಕು. ಇದು ಒಂದು ಕಷ್ಟ, ಹೌದು. ಬೆಳೆದು ನಿಂತ ಬೆಳೆಗೆ ಬಾಯಿ ಹಾಕಿದರೆ ಕುರಿಗಾರ ನಷ್ಟ ಕಟ್ಟಿಕೊಡಬೇಕು, ಅದರಾಗೂ ಎರಡು ಮಾತಿಲ್ಲ. ಹಿಂದೆಯೂ ಕಟ್ಟಿಕೊಡ್ತಿದ್ದರು.

2024ರ ಆಗಸ್ಟ್ 10ರ ರಾತ್ರಿ ನೆನಪು ಮಾಡ್ಕೊಳ್ರಿ. ಡ್ಯಾಮಿನ 19ನೇ ಗೇಟು ಚೈನು ಹರಿದು ಕೊಚ್ಚಿ ಹೋಯ್ತು. ನದಿ ದಂಡೆಯ ಊರಿನವರು ದನ ಬಿಚ್ಚಿ ಎತ್ತರಕ್ಕೆ ಹೊಡಕೊಂಡು ಹೋದರು. ನಮ್ಮ ಬೀಗರ ಎಮ್ಮೆ ನಮ್ಮ ಕೊಟ್ಟಿಗೆಗೆ ಬಂದವು, ಮಗ್ಗುಲ ಮನೆಯವರ ಬೀಗರ ದನ ಅವರ ಕೊಟ್ಟಿಗೆಗೆ ಬಂದವು. ಆವತ್ತು ಯಾರೂ ಬೋರ್ಡು ಹಾಕಿರಲಿಲ್ಲ. ಮೇವು ಯಾರದ್ದು ಅಂತಲೂ ಯಾರೂ ಕೇಳಲಿಲ್ಲ. ತಾತ್ಕಾಲಿಕ ಗೇಟು ಇಳಿಸೋವರೆಗೆ ಆ ಎಮ್ಮೆಗಳು ನಮ್ಮಲ್ಲೇ ಇದ್ದವು.

2026ನ್ನ ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಕುರಿಗಾರರ ವರ್ಷ ಅಂತ ಸಾರಿತು. ದೊಡ್ಡ ದೊಡ್ಡ ಊರಾಗ ಸಭೆ ಆಗ್ತಾವ, ಆಗಲಿ. ನಮ್ಮ ಕೆಲಸ ಸಣ್ಣದು. ಈ ಸಭೆಯಾಗ ಇವತ್ತೇ ಒಪ್ಪಿಕೊಳ್ಳೋಣ ಅಂತ ನಾನು ಕೇಳೋದು ಇಷ್ಟು. ಬೋರ್ಡು ಬ್ಯಾಡ. ಕಟಾವು ಆದ ಹೊಲಕ್ಕೆ ಹತ್ತು ದಿನ ಬೆಂಕಿ ಬ್ಯಾಡ. ಎರಡನೇ ನಾಟಿಗೆ ಅವಸರ ಇದ್ದವರು ಐದು ದಿನವಾದರೂ ಬಿಡ್ರಿ. ಔಷಧ ಹೊಡೆದ ಹೊಲದ ಬದುವಿಗೆ ಒಂದು ಕೆಂಪು ಬಟ್ಟೆ ಕಟ್ರಿ, ಹರಕು ಸೀರೆ ತುಂಡಾದರೂ ಸಾಕು, ಹಟ್ಟಿಗೆ ಹೋಗಿ ಒಂದು ಮಾತು ಹೇಳ್ರಿ. ತರುಬಿಸೋ ಬೆಲೆಯನ್ನ ಊರಿಗೊಂದು ಅಂತ ಮೊದಲೇ ಮಾತಾಡಿ ನಿಶ್ಚಯ ಮಾಡ್ರಿ, ರಾತ್ರಿ ಹೊತ್ತು ದಣಿದು ಬಂದವನ ಹತ್ತಿರ ಚೌಕಾಸಿ ಬ್ಯಾಡ. ಪಶು ಆಸ್ಪತ್ರೆಯ ಡಾಕ್ಟರ ನಂಬರು ಊರಿಗೆ ಇಬ್ಬರ ಹತ್ತಿರ ಇರಲಿ, ಅವರ ಹೆಸರನ್ನ ಕುರಿಗಾರರಿಗೆ ಹೇಳಿಡ್ರಿ. ಮತ್ತೆ ಮುಂದಿನ ತಿಂಗಳು ತಹಸೀಲ್ದಾರರ ಕಚೇರಿಗೆ ನಾವು ಭತ್ತದ ಖರೀದಿ ಕೇಂದ್ರದ ಅರ್ಜಿ ಕೊಡಾಕ ಹೋಗ್ತೀವಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು: ಸಂತೆಯಾಗ ಕುರಿಗೆ ತೂಕದ ಯಂತ್ರ ಇಡಬೇಕು.

ಕುರಿ ಸತ್ತ ಆ ಯಜಮಾನ ಆಮೇಲೆ ಎರಡು ವರ್ಷ ನಮ್ಮ ಊರ ಕಡೆ ಬರಲಿಲ್ಲ. ಸಿಂಧನೂರು ಕಡೆ ಹೋಗ್ತಾನಂತ ಕೇಳಿದೆ. ಹೋದ ವಾರ ಅವನ ಮಗ ಫೋನು ಮಾಡಿದ್ದ. ನನ್ನ ನಂಬರು ಎಲ್ಲಿಂದ ಸಿಕ್ಕಿತೋ. 'ಮಾವಾ, ಈ ಸಲ ನಿಮ್ಮ ಕಡೆ ಬರಬೇಕಂತ ಮಾಡೀವಿ, ಅಪ್ಪ ಕೇಳು ಅಂದ, ಬರಬಹುದೇನು?' ಅಂದ. ಬರ್ರಿ ಅಂದೆ. ಕಾಲುವೆ ಬದಿಯ ನಾಲ್ಕು ಎಕರೆ ಬಿಟ್ಟಿರ್ತೀನಿ, ಈ ಸಲ ಮೆಣಸಿನಕಾಯಿ ಹಾಕಿಲ್ಲ, ಬದುವಿಗೆ ಏನೂ ಹೊಡೆದಿಲ್ಲ ಅಂದೆ. ನಾಲ್ಕು ಎಕರೆ ಅವರ ಹಿಂಡಿಗೆ ಹತ್ತು ಹನ್ನೆರಡು ರಾತ್ರಿಗೆ ಮುಗೀತದ. ಆಮೇಲೆ ಎಲ್ಲಿ ಅಂತ ಅವನು ಕೇಳಲಿಲ್ಲ, ಆದರೆ ನಾನು ಹೇಳಬೇಕಲ್ಲ. ಕಟಾವು ಮುಗಿದ ಮೇಲೆ ಹೊಲ ಬಿಡೋರು ಯಾರು ಯಾರು ಇದ್ದೀರಿ, ಸಭೆ ಮುಗಿದ ಮೇಲೆ ಈ ಪಟ್ಟಿಯಾಗ ಹೆಸರು, ಎಷ್ಟು ಎಕರೆ, ಯಾವ ದಿನದಿಂದ ಅಂತ ಬರೆಸ್ರಿ. ಪೆನ್ನು ಇಲ್ಲೇ ಐತಿ.